ಯಮನವ್ವ ಸಮುದ್ರದ ದಂಡೆಯಲ್ಲಿ ತೋಡಿದ ವರತಿ

ಅಸಂಗಿಯ ಯಮನವ್ವ ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಒಮ್ಮೆಲೇ ಕುಡಿಯುವುದಿಲ್ಲ. ತಂಬಿಗೆಯಿಂದ ಅಂಗೈಗೆ ಎರಡು ಹನಿ ಸುರಿದುಕೊಳ್ಳುತ್ತಾಳೆ, ನಾಲಿಗೆಯ ತುದಿಗೆ ತಾಗಿಸುತ್ತಾಳೆ, ಪಕ್ಕಕ್ಕೆ ಉಗುಳುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಾಳೆ. ನೀರು ತನ್ನ ಗುಣ ಹೇಳಲಿ ಎಂದು ಕಾಯುವಂತೆ. ಹೊಸದಾಗಿ ಬಂದ ಸೊಸೆಯಂದಿರು ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ. ಓಣಿಯ ಹಳಬರಿಗೆ ಕಾರಣ ಗೊತ್ತು.

ಆಗ ಆಕೆಗೆ ಹತ್ತೊಂಬತ್ತು. ಮಳೆಗಾಲ ಮುಗಿದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಗೆ ಹೋಗುವುದು ಅವರ ಮನೆತನದ ರೂಢಿ. ಒಂದು ಮಧ್ಯಾಹ್ನ, ಕಬ್ಬಿನ ಹೊಲದ ಬದಿಗೆ ಒಂದು ಹೊಂಡ ಕಂಡಿತು. ಮಾವ ಗಿಡದ ನೆರಳಿಗೆ ಮಲಗಿ ನಿದ್ದೆ ಹೋಗಿದ್ದ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಹರಳು ಎಣಿಸಬಹುದಿತ್ತು. ಯಮನವ್ವ ಕುರಿಗಳನ್ನು ಇಳಿಸಿದಳು. ಹೊತ್ತು ಮುಳುಗುವುದರೊಳಗೆ ಹದಿನಾಲ್ಕು ಕುರಿ ಕಾಲು ಚಾಚಿ ಮಲಗಿದವು. ಯಾರೋ ಔಷಧ ಹೊಡೆಯುವ ಪಂಪನ್ನು ಅದರಲ್ಲಿ ತೊಳೆದಿದ್ದರು. ಮಾವ ಒಂದು ಮಾತೂ ಬೈಯಲಿಲ್ಲ. ಮೂರು ದಿನ ಉಣ್ಣಲಿಲ್ಲ, ಅಷ್ಟೇ.

"ನೀರು ರಾಡಿ ಇದ್ದಿದ್ರ ನಾ ಇಳಸ್ತಿರಲಿಲ್ಲ. ತಿಳಿ ಇತ್ತು ನೋಡು, ಅದಕ್ಕ ಮೋಸ ಆತು" ಎಂದು ಯಮನವ್ವ ಈಗಲೂ ಹೇಳುತ್ತಾಳೆ.

ಅಂದಿನಿಂದ ಆಕೆ ಏನನ್ನೂ ಮುಖ ನೋಡಿ ನಂಬಲಿಲ್ಲ. ನೀರಿನಿಂದ ಶುರುವಾದ ಸಂಶಯ ಮನುಷ್ಯರಿಗೂ ಹಬ್ಬಿತು. ಕುರಿಗಳಿಗೆ ಲಸಿಕೆ ಹಾಕಲು ಬಂದ ಡಾಕ್ಟರನಿಗೆ, "ಮೊದಲ ಈ ಮುದಿ ಕುರಿಗಿ ಹಾಕ್ರಿ, ಉಳದದ್ದಕ್ಕ ನಾಳೆ ಬರ್ರಿ" ಎಂದು ಕಳಿಸಿದ್ದಳು. ಬಸ್ಸಿನ ಕಂಡಕ್ಟರ್ ಹರಿದುಕೊಟ್ಟ ಟಿಕೀಟನ್ನು ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡುತ್ತಾಳೆ. ಗಂಡ ತೀರಿಹೋದ ಮೇಲೆ ಈ ಗುಣ ಇನ್ನೂ ಗಟ್ಟಿಯಾಯಿತು. ಒಬ್ಬಳೇ ಮಗಳು ನಂದಾಳನ್ನು ಕೊಡುವಾಗ ಹೊರಗಿನ ಯಾವ ವರವೂ ಆಕೆಯ ಕಣ್ಣಿಗೆ ಸರಿಕಾಣದೆ ಕೊನೆಗೆ ಸ್ವಂತ ಅಣ್ಣನ ಮಗ ಸೋಮಲಿಂಗನಿಗೇ ಕೊಟ್ಟಳು. ತಾನೇ ಎತ್ತಿ ಆಡಿಸಿದ ಹುಡುಗ, ಅವನ ಬಗ್ಗೆಯಾದರೂ ಸಂಶಯ ಇರಲಾರದು ಎಂದುಕೊಂಡಿದ್ದಳು.

ಸೋಮಲಿಂಗ ಮೂರು ವರ್ಷದ ಹಿಂದೆ ನಂದಾಳನ್ನು ಕರೆದುಕೊಂಡು ರತ್ನಾಗಿರಿಗೆ ಹೋದ. ಅಲ್ಲಿ ಮಾಂಡವಿಯ ದಂಡೆಯ ಮೇಲೆ ಝುಣಕ ಭಾಕರಿಯ, ಎಂದರೆ ಕಡಲೆಹಿಟ್ಟಿನ ಪಲ್ಯ ಮತ್ತು ಜೋಳದ ರೊಟ್ಟಿಯ, ಗಾಡಿ ಹಾಕಿದ. ಸಮುದ್ರ ನೋಡಲು ಬರುವವರಲ್ಲಿ ಸಾಂಗ್ಲಿ, ಕೊಲ್ಹಾಪುರ, ವಿಜಯಪುರದ ಕಡೆಯವರೇ ಬಹಳ. ಎರಡು ದಿನ ಅನ್ನ ಮೀನು ತಿಂದವರು ಮೂರನೆಯ ದಿನ ಜೋಳದ ರೊಟ್ಟಿಗೆ ಹಂಬಲಿಸುತ್ತಾರೆ ಎಂದು ಅವನ ಎಣಿಕೆ. ಎಣಿಕೆ ಸುಳ್ಳಾಗಲಿಲ್ಲ. ನಂದಾಳ ರೊಟ್ಟಿಯೆಂದರೆ ಅಂಥದ್ದು. ಮೊರದಷ್ಟು ಅಗಲ, ವೀಳ್ಯದೆಲೆಯಷ್ಟು ತೆಳುವು. ಊರಲ್ಲಿದ್ದಾಗ ಮದುವೆಗಳಿಗೆ ಪಕ್ಕದ ಕರಜಗಿಯವರು ಜೀಪು ಕಳಿಸಿ ಆಕೆಯನ್ನು ರೊಟ್ಟಿ ಬಡಿಯಲು ಕರೆಸುತ್ತಿದ್ದರು.

ಹೋದ ವರ್ಷ ಮಾಘದಲ್ಲಿ ನಮ್ಮೂರ ಲಗಮಣ್ಣ ಮಕ್ಕಳುಮರಿ ಕಟ್ಟಿಕೊಂಡು ರತ್ನಾಗಿರಿ ನೋಡಿಬಂದ. ಬಂದವನು ನೇರವಾಗಿ ಯಮನವ್ವನ ಅಂಗಳಕ್ಕೆ ಬಂದು ಮೊಬೈಲು ತೆಗೆದ.

"ಯಮನಕ್ಕಾ, ನಿನ್ನ ಮಗಳ ರೊಟ್ಟಿ ನೋಡಿಲ್ಲೆ."

ಫೋಟೋದಲ್ಲಿ ಒಂದು ತಾಟು. ತಾಟಿನಲ್ಲಿ ರೊಟ್ಟಿ. ಅಂಚೆಲ್ಲ ಸೀಳಿ, ನಡುವೆ ಬಿರುಕು ಬಿಟ್ಟು, ಬೇಸಿಗೆಯ ಕೆರೆಯ ತಳದ ಹಾಗೆ ಕಾಣುತ್ತಿತ್ತು.

"ಇದು ನಂದಾನ ರೊಟ್ಟಿ ಅಲ್ಲ" ಎಂದಳು ಯಮನವ್ವ.

"ನನ್ನ ಮುಂದನ ಬಡದ್ಲು ತಾಯಿ. ಗಿರಾಕಿ ಬರತಾರ, ತಾಟ ನೋಡತಾರ, ಮಗ್ಗಲ ಗಾಡಿಗಿ ಹೋಗತಾರ. ಸೊರಗ್ಯಾಳ ಹುಡುಗಿ. ನಿನ್ನ ಅಳಿಯ ಅಂತೂ ದಿನಾ ನಸುಕಿನ್ಯಾಗ ಎಲ್ಲೋ ಮಾಯ ಆಗತಾನಂತ, ಮಗ್ಗಲ ಗಾಡಿ ಹೆಣಮಗಳು ಹೇಳಿದ್ಲು. ನಾ ಏನ ಹೆಚ್ಚಿಗಿ ಹೇಳಂಗಿಲ್ಲ. ನಿನ್ನ ತವರಿನಾಂವ."

ಏನೂ ಹೆಚ್ಚಿಗೆ ಹೇಳದೆಯೇ ಲಗಮಣ್ಣ ಎಲ್ಲ ಹೇಳಿ ಹೋದ.

ಯಮನವ್ವ ಲೆಕ್ಕ ಹಾಕಿದಳು. ರೊಟ್ಟಿ ಹರಿಯುವುದು ಕೈ ನಡುಗಿದಾಗ. ಕೈ ನಡುಗುವುದು ಮನಸ್ಸು ನಡುಗಿದಾಗ. ಮಗಳ ಮನಸ್ಸನ್ನು ಅಲ್ಲಾಡಿಸುವವನು ಆ ಪರವೂರಿನಲ್ಲಿ ಮತ್ತಾರಿದ್ದಾರೆ? ನಸುಕಿನಲ್ಲಿ ಮಾಯವಾಗುವ ಗಂಡನೇ. ನಿಜವಾದರೆ ನಂದಾಳನ್ನು ಬಂದ ಬಸ್ಸಿನಲ್ಲೇ ಕರೆದುಕೊಂಡು ಬಂದುಬಿಡುವುದು. ಅಣ್ಣನ ಮನೆಯ ಬಾಗಿಲು ಜನ್ಮಕ್ಕೆ ಮುಚ್ಚಿದರೂ ಮುಚ್ಚಲಿ.

ಮನೆದೇವರು ಬೀರದೇವರ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಂಡು, ಒಂದು ಚೀಲದಲ್ಲಿ ಮನೆಯ ಜೋಳದ ಹಿಟ್ಟು ತುಂಬಿಕೊಂಡಳು. ಇನ್ನೊಂದು ಚೀಲ ಖಾಲಿಯೇ ಮಡಿಚಿ ಕಂಕುಳಲ್ಲಿ ಇಟ್ಟಳು. ಅದು ಮಗಳ ಸೀರೆ ತುಂಬಲಿಕ್ಕೆ.

ಜತ್ತದಿಂದ ಸಾಂಗ್ಲಿ, ಸಾಂಗ್ಲಿಯಿಂದ ಕೊಲ್ಹಾಪುರ, ಅಲ್ಲಿಂದ ಘಟ್ಟ ಇಳಿದು ರತ್ನಾಗಿರಿ. ಬರುವುದನ್ನು ಫೋನಿನಲ್ಲಿ ತಿಳಿಸಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಸೋಮಲಿಂಗ ಒಬ್ಬನೇ ನಿಂತಿದ್ದ. ಬಾಗಿ ಕಾಲು ಮುಟ್ಟಿದ.

"ನಂದಾ ಎಲ್ಲಿ?"

"ಗಾಡಿ ಮ್ಯಾಲ ಅದಾಳ ಅತ್ತೀ. ಮೊದಲ ನಿಮಗ ಊರು ತೋರಸ್ತೀನಿ ಬರ್ರಿ. ಇಷ್ಟ ದೂರ ಬಂದೀರಿ."

ಹತ್ತು ತಾಸು ಬಸ್ಸಿನಲ್ಲಿ ಕುಳಿತು ಬಂದ ಮುದುಕಿಗೆ ಮೊದಲು ಮಗಳ ಮುಖ ತೋರಿಸದೆ ಊರು ತೋರಿಸುತ್ತಾನೆ! ಯಮನವ್ವ ಇದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅವನು ಬಾಡಿಗೆಯ ರಿಕ್ಷಾದಲ್ಲಿ ಕೋಟೆಗೆ ಕರೆದೊಯ್ದ. ಮೇಲಿನಿಂದ ಸಮುದ್ರ ಕಂಡಿತು. ಒಂದು ಕಡೆ ಕಪ್ಪು ಉಸುಕಿನ ದಂಡೆ, ಇನ್ನೊಂದು ಕಡೆ ಬಿಳಿ ಉಸುಕಿನದು, ದೂರದಲ್ಲಿ ದೀಪಸ್ತಂಭ. ಜನ ಬೆನ್ನು ತಿರುಗಿಸಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಬರ್ಮಾ ದೇಶದ ರಾಜನನ್ನು ಇಂಗ್ಲಿಷರು ತಂದಿಟ್ಟಿದ್ದ ಅರಮನೆ ತೋರಿಸಿದ.

"ರಾಜನ್ನ ಇಲ್ಲಿ ಯಾಕ ತಂದ್ರು?"

"ಕೂಡಿ ಹಾಕಾಕ ಅತ್ತೀ. ಮತ್ತ ಊರಿಗಿ ಬಿಡಲಿಲ್ಲಂತ."

"ಅವಗೂ ಊರು ತೋರಸ್ತೀನಿ ಅಂತನ ಕರಕೊಂಡ ಬಂದಿರಬೇಕು" ಎಂದಳು ಯಮನವ್ವ.

ಸೋಮಲಿಂಗ ನಕ್ಕ. ನಗು ಅರ್ಧಕ್ಕೆ ನಿಂತಿತು. ಅದನ್ನೂ ಆಕೆ ಗಂಟು ಹಾಕಿಕೊಂಡಳು.

ಬಿಳಿ ಉಸುಕಿನ ದಂಡೆಯಲ್ಲಿ ಎಳನೀರು ಕೊಡಿಸಿದ. ಯಮನವ್ವ ಕಾಯಿಯನ್ನು ಸುತ್ತಲೂ ತಿರುಗಿಸಿ ಎಲ್ಲಾದರೂ ತೂತಿದೆಯೇ ಎಂದು ನೋಡಿ, ಅಂಗೈಗೆ ಎರಡು ಹನಿ ಹಾಕಿ, ನಾಲಿಗೆಗೆ ತಾಗಿಸಿ, ಆಮೇಲೆ ಕುಡಿದಳು. ಭೇಳಪುರಿಯ ಗಾಡಿಯಲ್ಲಿ, "ಈ ಹುಳಿ ನೀರು ಯಾವ ಬಾವೀದು?" ಎಂದು ಮರಾಠಿಯಲ್ಲಿ ಕೇಳಿದಳು. ಭೇಳದವನು ಕೈಯಲ್ಲಿದ್ದ ಚಮಚ ಕೆಳಗಿಟ್ಟು, "ಆಜಿ, ತಿನ್ನಲಿಕ್ಕೆ ಬಂದೆಯೋ, ತಪಾಸಣೆಗೆ ಬಂದೆಯೋ?" ಎಂದ. ಸುತ್ತ ನಿಂತವರು ನಕ್ಕರು. ಆಕೆ ತಿನ್ನಲಿಲ್ಲ.

ಅಲೆಯ ಅಂಚಿಗೆ ಹೋಗಿ ಸಮುದ್ರದ ನೀರನ್ನೂ ಅಂಗೈಯಲ್ಲಿ ಹಿಡಿದು ನೋಡಿದಳು. ಉಗುಳಿ ಅಂಗೈ ಒರೆಸಿಕೊಂಡಳು.

"ಇಷ್ಟ ದೊಡ್ಡದೈತಿ. ಒಂದು ಮರಿಗಿ ಕುಡಸಾಕ ಬರಂಗಿಲ್ಲ."

ಮಾಂಡವಿಗೆ ಬರುವಾಗ ಹೊತ್ತು ಇಳಿದಿತ್ತು. ದಂಡೆಯ ತುಂಬ ಪ್ಲಾಸ್ಟಿಕ್ ಕುರ್ಚಿಗಳು, ಸುಟ್ಟ ಗೊಂಜಾಳದ ತೆನೆಯ ಹೊಗೆ, ಕರಿದ ಮೀನಿನ ವಾಸನೆ. ನಂದಾ ಓಡಿಬಂದು "ಯವ್ವಾ" ಎಂದು ತಬ್ಬಿಕೊಂಡಳು. ಕೊರಳ ಎಲುಬು ಕಾಣುತ್ತಿತ್ತು. ಆಕೆ ಕೊಟ್ಟ ನೀರನ್ನು ಯಮನವ್ವ ಅಂಗೈಗೆ ಸುರಿದುಕೊಳ್ಳದೆ ಹಾಗೇ ಗಟಗಟ ಕುಡಿದಳು. ಮಗಳ ಕೈಯ ನೀರು.

ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕುಳಿತು ನೋಡಿದಳು. ಲಗಮಣ್ಣ ಸುಳ್ಳು ಹೇಳಿರಲಿಲ್ಲ. ನಂದಾ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾಳೆ, ಬಡಿಯುತ್ತಾಳೆ, ಅಂಗೈಯಗಲ ಆಗುವಷ್ಟರಲ್ಲಿ ಅಂಚು ಸೀಳುತ್ತದೆ. ಹಂಚಿಗೆ ಹಾಕಿದರೆ ನಡುವೆ ಬಿರಿಯುತ್ತದೆ. ಸೊಲ್ಲಾಪುರದ ಕಡೆಯ ಒಂದು ಸಂಸಾರ ಬಂದು ತಾಟು ನೋಡಿ, "ಇರಲಿ ತಂಗಿ" ಎಂದು ಮೀನಿನ ಗಾಡಿಗೆ ಹೋಯಿತು. ನಂದಾ ತಲೆ ಎತ್ತಲಿಲ್ಲ. ಸೋಮಲಿಂಗ ತಾಟುಗಳನ್ನು ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮರುದಿನ ನಸುಕಿಗೆ ಯಮನವ್ವ ಕಣ್ಣು ಮುಚ್ಚಿಕೊಂಡೇ ಎಚ್ಚರವಾಗಿದ್ದಳು. ಸೋಮಲಿಂಗ ಸದ್ದಿಲ್ಲದೆ ಎದ್ದು, ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಹೋದ. ಮರಳಿ ಬಂದಾಗ ಬಿಸಿಲು ಏರಿತ್ತು. ಪ್ಯಾಂಟು ಮೊಣಕಾಲ ತನಕ ಒದ್ದೆ.

"ಎಲ್ಲಿಗಿ ಹೋಗಿದ್ದಿ?"

"ಕುಡಿಯೂ ನೀರಿಗಿ ಅತ್ತೀ. ಸರಕಾರಿ ನಳಕ್ಕ."

"ಎರಡು ಕ್ಯಾನಿಗೆ ಮೂರ ತಾಸ?"

"ಪಾಳಿ ಇರತೈತ್ರಿ."

ಪಾಳಿಯಲ್ಲಿ ನಿಂತವನ ಪ್ಯಾಂಟು ಮೊಣಕಾಲ ತನಕ ಹೇಗೆ ಒದ್ದೆಯಾಗುತ್ತದೆ? ಯಮನವ್ವ ಕೇಳಲಿಲ್ಲ. ಕುರಿ ಕಾಯ್ದವಳಿಗೆ ತೋಳ ಬರುವ ಮುಂಚೆ ಕೂಗಬಾರದೆಂದು ಗೊತ್ತು.

ಮೂರನೆಯ ದಿನ ಭಾನುವಾರ. ಅವನು ಹೊರಟ ಕೂಡಲೇ ಆಕೆಯೂ ಕಂಬಳಿ ತಲೆಗೆ ಹೊದ್ದು ಎದ್ದಳು. ಅವನು ಸೈಕಲ್ಲನ್ನು ಉಸುಕಿನ ಬದಿಯ ರಸ್ತೆಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ. ನಳದ ಹತ್ತಿರ ಕ್ಯಾನು ಪಾಳಿಗೆ ಇಟ್ಟು, ಮುಂದೆ ನಡೆದ. ಆಕೆ ಜೀವ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋದಳು. ಯಾವ ಮನೆಯ ಬಾಗಿಲು ತಟ್ಟುತ್ತಾನೋ, ಯಾವಳು ತೆರೆಯುತ್ತಾಳೋ.

ಅವನು ಯಾವ ಬಾಗಿಲನ್ನೂ ತಟ್ಟಲಿಲ್ಲ. ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋದ. ಅಂಗಿ ಬಿಚ್ಚಿಟ್ಟು ನೀರಿಗೆ ಇಳಿದು, ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತ. ಒಂದಾದ ಮೇಲೆ ಒಂದು. ನೀರು, ಮೀನಿನ ರಕ್ತ ಹೆಗಲ ಮೇಲೆ ಇಳಿಯುತ್ತಿತ್ತು. ಬೀರದೇವರ ಡೊಳ್ಳು ಹೊರುವ ಹೆಗಲು.

ಯಮನವ್ವನಿಗೆ ಸಿಟ್ಟು ಇಳಿಯಲಿಲ್ಲ. ಕೂಲಿ ಮಾಡುವುದು ತಪ್ಪಲ್ಲ. ಮನೆಯಲ್ಲಿ ಸುಳ್ಳು ಹೇಳಿ ಮಾಡುತ್ತಾನಲ್ಲ, ಅದು ತಪ್ಪು. ಇಂದು ಇದನ್ನು ಮುಚ್ಚಿಟ್ಟವನು ನಾಳೆ ಮತ್ತೊಂದನ್ನು ಮುಚ್ಚಿಡುತ್ತಾನೆ. ಗಾಡಿಗೆ ಬಂದವಳೇ ಖಾಲಿ ಚೀಲವನ್ನು ನಂದಾಳ ಮುಂದೆ ಝಾಡಿಸಿ ಹಾಸಿದಳು.

"ನಿನ್ನ ಅರಿವಿ ತುಂಬು. ಹನ್ನೊಂದರ ಬಸ್ಸಿಗೆ ಹೋಗೂಣು."

"ಯಾಕಬೇ ಯವ್ವಾ?"

"ಗಂಡ ಏನ ಮಾಡತಾನ ಗೊತ್ತಿಲ್ಲದಕಿ, ರೊಟ್ಟಿ ಬಡ್ಯಾಕ ಕೈ ನಡಗತಾವ. ಇನ್ನ ಏನ ಉಳದೈತಿ ಇಲ್ಲಿ?"

ನಂದಾ ಮೊದಲ ಸಲ ತಾಯಿಗೆ ಎದುರು ಮಾತಾಡಿದಳು.

"ಗೊತ್ತೈತಿ. ಧಕ್ಕಿಗಿ ಹೋಗತಾನ. ನನಗ ಗೊತ್ತಿಲ್ಲಂತ ತಿಳದಾನ, ತಿಳಕೊಳ್ಳಲಿ ಅಂತ ಬಿಟ್ಟೀನಿ. ನನ್ನ ರೊಟ್ಟಿ ಖರ್ಚ ಆಗವಲ್ವು ಅಂತ ನನಗ ಅನ್ನಬಾರದಂತ ಕದ್ದ ಹೋಗತಾನ. ಮತ್ತ ನನ್ನ ಕೈ ನಡಗಂಗಿಲ್ಲ. ನೋಡಿಲ್ಲೆ." ಎರಡೂ ಕೈ ಮುಂದೆ ಚಾಚಿದಳು. ಎಲೆ ಅಲ್ಲಾಡದ ಹಾಗೆ ಇದ್ದವು. "ನೀನ ಬಡಿ ನೋಡೂಣು. ನೀ ತಂದ ಹಿಟ್ಟನ ಐತಿ."

ಯಮನವ್ವ ಕುಳಿತಳು. ತಾನೇ ಬೀಸಿ ತಂದ ಹಿಟ್ಟು. ನಂದಾ ಡ್ರಮ್ಮಿನಿಂದ ನೀರು ತೆಗೆದು ಕುದಿಸಿ ಕೊಟ್ಟಳು. ಯಮನವ್ವ ನಾದಿದಳು, ಬಡಿದಳು. ಅಂಗೈಯಗಲ ಆಯಿತು, ಅಂಚು ಸೀಳಿತು. ಮುದ್ದೆ ಮಾಡಿ ಮತ್ತೆ ನಾದಿದಳು. ಮತ್ತೆ ಸೀಳಿತು. ಐವತ್ತು ವರ್ಷ ರೊಟ್ಟಿ ಬಡಿದ ಕೈ. ಮೀನಿನ ಗಾಡಿಯ ಹೆಂಗಸು ಬಗ್ಗಿ ನೋಡಿ, "ಆಜಿಯದೂ ಹರಿಯಿತು!" ಎಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಯಮನವ್ವ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ತೆಗೆದಳು. ಭೇಳದ ಹುಳಿ ನೀರಿನ ಬಾವಿ ಕೇಳಿದ್ದಳು. ಎಳನೀರು ನೋಡಿದ್ದಳು. ಸಮುದ್ರವನ್ನೇ ನೋಡಿದ್ದಳು. ಮಗಳ ಗಾಡಿಯಲ್ಲಿ ಮಾತ್ರ ಅಂಗೈ ಚಾಚಿರಲಿಲ್ಲ. ಎದ್ದು ಡ್ರಮ್ಮಿನ ಮುಚ್ಚಳ ತೆಗೆದಳು. ನೀರು ತಿಳಿಯಾಗಿತ್ತು. ಎರಡು ಹನಿ ನಾಲಿಗೆಗೆ ಹಚ್ಚಿ ಉಗುಳಿದಳು.

"ಸವಳ ಐತಲ್ಲ!"

ಉಪ್ಪು ಬೆರೆತ ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ರೊಟ್ಟಿ ಕೂಡುವುದಿಲ್ಲ. ನಮ್ಮ ಸೀಮೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾದ ಮಾತಲ್ಲ. ನಂದಾ ತಾನೂ ಅಂಗೈಯಲ್ಲಿ ಹಿಡಿದು ನೋಡಿದಳು.

"ನನಗ ತಿಳಿವಲ್ದು ಯವ್ವಾ. ಇಲ್ಲಿ ಗಾಳ್ಯಾಗ ಉಪ್ಪ, ಯಾವಾಗಲೂ ತುಟಿ ಉಪ್ಪನ. ಇದನ್ನ ಕುದಸಾಕಷ್ಟ ತಗೋತೀವಿ, ಯಾರೂ ಕುಡ್ಯಂಗಿಲ್ಲ."

ಕುಡಿಯುವ ನೀರು ಕ್ಯಾನಿನದು, ನಳದ ಸಿಹಿನೀರು. ಅಡುಗೆಗೆ, ತೊಳೆಯುವುದಕ್ಕೆ ಬೇಕಾದ ಡ್ರಮ್ಮು ಮಾತ್ರ ಕೈಗಾಡಿಯಲ್ಲಿ ನೀರು ತರುವವನೊಬ್ಬ ತುಂಬಿಸುತ್ತಿದ್ದ. ಅವನು ಅಷ್ಟರಲ್ಲೇ ಬಂದ. ಯಮನವ್ವ ಕೇಳಿದ್ದಕ್ಕೆ ಮೊದಲು ನೀರು ಸವಳಲ್ಲವೆಂದು ದೇವರ ಆಣೆ ಇಟ್ಟ. ಆಮೇಲೆ, "ಆಜಿ, ಸಮುದ್ರದ ಬಗಲಿನ ನೀರು ಹೀಗೇ ಇರುತ್ತದೆ. ಇಲ್ಲಿ ಸಿಹಿನೀರು ಆಕಾಶದಿಂದ ಬೀಳಬೇಕು" ಎಂದ. ಅಷ್ಟರಲ್ಲಿ ಸೋಮಲಿಂಗನೂ ಬಂದು ನಿಂತ.

ಭಾನುವಾರದ ಜನ ಆಗಲೇ ಬಸ್ಸುಗಳಿಂದ ಇಳಿಯುತ್ತಿದ್ದರು. ಎರಡು ಕ್ಯಾನು ಕುಡಿಯಲಿಕ್ಕೇ ಸಾಲದು. ಯಮನವ್ವ ದಂಡೆಯ ಮೇಲ್ಭಾಗಕ್ಕೆ ನಡೆದಳು. ಅಲೆ ಎಂದೂ ಏರದ ಕಡೆ, ತೆಂಗಿನ ಗಿಡಗಳ ಬುಡದಲ್ಲಿ ಒಂದು ಹಸಿರು ಬಳ್ಳಿ ಉಸುಕಿನ ಮೇಲೆ ಹಬ್ಬಿತ್ತು. ಅಲ್ಲಿ ಒಂದು ನಾಯಿ ಉಸುಕು ಕೆದರಿ ಕುಳಿ ಮಾಡಿ ಮಲಗಿತ್ತು. ನಮ್ಮ ಕಡೆ ಬತ್ತಿದ ಹಳ್ಳದಲ್ಲಿ ಕುರಿಗಾರರು ಉಸುಕು ತೋಡಿ ನೀರು ತೆಗೆಯುತ್ತಾರೆ. ಆ ಗುಂಡಿಗೆ ವರತಿ ಎನ್ನುತ್ತಾರೆ. ನಾಯಿ ಎಲ್ಲಿ ತಂಪು ಹುಡುಕಿ ಮಲಗುತ್ತದೋ ಅಲ್ಲಿ ತೋಡಬೇಕೆಂದು ಆಕೆಗೆ ಮಾವ ಕಲಿಸಿದ್ದ. ನಾಯಿಯನ್ನು ಎಬ್ಬಿಸಿ, ಗಾಡಿಯ ತಾಟು ತೆಗೆದುಕೊಂಡು ತೋಡಲು ಕುಳಿತಳು.

ಸಮುದ್ರ ನೋಡಲು ಬಂದವರು ಸಮುದ್ರ ಬಿಟ್ಟು ಇವಳನ್ನು ನೋಡಲು ನಿಂತರು. ಒಬ್ಬ ಮೊಬೈಲು ಹಿಡಿದ. "ಬಂಗಾರದ ಹಂಡೆ ಹೂತಿದ್ದಾಳೆ" ಎಂದ ಇನ್ನೊಬ್ಬ. "ಆಜಿ, ಅಲ್ಲಿ ಎದುರಿಗೇ ನೀರಿದೆಯಲ್ಲ!" ಎಂದಳು ಒಬ್ಬ ಹುಡುಗಿ. ನೀರಿನವನು ಕೈಕಟ್ಟಿ ನಗುತ್ತ ನಿಂತಿದ್ದ. ಯಮನವ್ವ ಮೊಣಕೈ ಆಳ ತೋಡಿದಳು, ಭುಜದಾಳ ತೋಡಿದಳು. ಸೋಮಲಿಂಗ ಬಂದು ಎದುರಿಗೆ ಕುಳಿತು ಉಸುಕು ಎಳೆಯತೊಡಗಿದ.

ತಳ ಒದ್ದೆಯಾಯಿತು, ನೀರು ಒಸರಿತು. ಮೊದಲ ನೀರು ಚೆಲ್ಲಿದಳು. ಎರಡನೆಯದನ್ನೂ ಚೆಲ್ಲಿದಳು. ಮೂರನೆಯ ಸಲ ತುಂಬಿದ್ದು ತಿಳಿಯಾಗುವ ತನಕ ಕಾಯ್ದು, ಅಂಗೈಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿದಳು. ಉಗುಳಲಿಲ್ಲ. ನುಂಗಿದಳು.

ಮತ್ತೊಂದು ಬೊಗಸೆ ತುಂಬಿ ನೀರಿನವನ ಮುಂದೆ ಹಿಡಿದಳು. "ಕುಡಿ."

ಅವನು ಕುಡಿದ. ನಗು ಎಲ್ಲಿ ಹೋಯಿತೋ. ನಳದ ಪಾಳಿ ಬಹಳ ಉದ್ದವಾದ್ದರಿಂದ ದೀಪಾವಳಿಯಿಂದ ಈಚೆಗೆ ಸಮುದ್ರ ಒಳನುಗ್ಗುವ ಖಾಡಿಯ ಹತ್ತಿರದ ಹಾಳು ಬಾವಿಯಿಂದ ತುಂಬುತ್ತಿದ್ದೆ ಎಂದು ಒಪ್ಪಿಕೊಂಡ. ಮೀನಿನ ಗಾಡಿಯವರು ತೊಳೆಯಲಿಕ್ಕಷ್ಟೇ ಬಳಸುತ್ತಾರೆ, ಅವರಾರೂ ಏನೂ ಅಂದಿರಲಿಲ್ಲವಂತೆ. ಅವನು ಹೇಳಿದ್ದು ಪೂರ್ತಿ ಖರೆ ಎಂದು ಯಮನವ್ವ ಇಂದಿಗೂ ನಂಬಿಲ್ಲ.

ವರತಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿದರು. ಅದೇ ಹಿಟ್ಟು. ನಂದಾ ಬಡಿದಳು. ಅಂಗೈಯಗಲ ಆಯಿತು, ತಾಟಿನಗಲ ಆಯಿತು, ಮೊರದಗಲ ಆಯಿತು. ಹಂಚಿನ ಮೇಲೆ ಉಬ್ಬಿತು. ಸೋಮಲಿಂಗ ಆ ಕಡೆ ತಿರುಗಿ ತಾಟು ಒರೆಸತೊಡಗಿದ. ಯಮನವ್ವ ಮೊದಲ ರೊಟ್ಟಿಯ ಒಂದು ಚೂರು ಬೀರದೇವರ ಹೆಸರಿನಲ್ಲಿ ತೆಗೆದಿಟ್ಟು, ಮುಂದಿನ ಚೂರನ್ನು ಅಳಿಯನ ಕೈಗೆ ಕೊಟ್ಟಳು.

"ಊರು ತೋರಿಸಿದ್ದು ಯಾಕ?" ಎಂದು ಮೆಲ್ಲಗೆ ಕೇಳಿದಳು.

"ಸಂಜಿಮುಂದ ಗಿರಾಕಿ ತಾಟ ನೋಡಿ ಎದ್ದ ಹೋಗತಾರ ಅತ್ತೀ. ಅದನ್ನ ನೀವು ನೋಡಬಾರದಂತ. ಗದ್ದಲ ಮುಗದ ಮ್ಯಾಲ ಕರಕೊಂಡ ಬರಬೇಕಂತಿದ್ದೆ."

"ನಾಳಿಂದ ನಸುಕಿನ್ಯಾಗ ನಳಕ್ಕ ಹೋಗು. ಕ್ಯಾನ ಪಾಳಿಗಿ ಇಟ್ಟು ನೀನೂ ಅಲ್ಲೇ ನಿಂದರು. ಮುಂದ ಹೋಗಬ್ಯಾಡ."

ಸೋಮಲಿಂಗ ಅವಳ ಮುಖ ನೋಡಿದ. ಅತ್ತೆಗೆ ಗೊತ್ತಾಗಿದೆ ಎಂದು ತಿಳಿಯಿತು. ರೊಟ್ಟಿಯ ಚೂರು ಬಾಯಲ್ಲೇ ಇತ್ತು.

ಮಗಳ ಸೀರೆ ತುಂಬಲು ತಂದ ಖಾಲಿ ಚೀಲವನ್ನು ಯಮನವ್ವ ವರತಿಯ ಬಾಯಿಗೆ ಹಾಸಿ, ನಾಯಿ ಬಾಯಿ ಹಾಕದ ಹಾಗೆ ಸುತ್ತ ಕಲ್ಲು ಹೇರಿದಳು. ಮರುದಿನ ಒಬ್ಬಳೇ ಬಸ್ಸು ಹತ್ತಿದಳು.

ಊರಿಗೆ ಬಂದ ವಾರದಲ್ಲಿ ನಮ್ಮ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಹೇಳಿದಳು. ನಡುವೆ ನಾನು ಕೊಟ್ಟ ನೀರನ್ನು ಎಂದಿನಂತೆ ಅಂಗೈಗೆ ಸುರಿದು, ನಾಲಿಗೆಗೆ ತಾಗಿಸಿ, ಉಗುಳಿ, ಕಾಯ್ದು, ಕುಡಿದಳು.

"ಹೋಗ್ಲಿ ಯಮನಕ್ಕಾ, ಮಗಳ ಮನ್ಯಾಗಾದರೂ ರುಚಿ ನೋಡದನ ಕುಡೀತೀಯಲ್ಲ" ಎಂದೆ.

ತಂಬಿಗೆ ಕೆಳಗಿಟ್ಟು ಸೆರಗಿನಿಂದ ತುಟಿ ಒರೆಸಿಕೊಂಡಳು.

"ಈಗಿಲ್ಲ. ಎಲ್ಲಾ ಕಡಿಗಿಂತ ಮೊದಲ ಅಲ್ಲೇ ನೋಡತೀನಿ."